ಕೋಟೆ ಕಾಯುವ ಸೀಟಿಯವರಿಗೆ, ಬಸುರಿಯ ಊಟದ ಬಗ್ಗೆ

ಮಾನ್ಯ ಸೀಟಿಯವರೇ,

ನಮ್ಮೂರ ಕೋಟೆಯನ್ನು ಉದ್ಯಾನ ಮಾಡಿ ಗೇಟು ಕೂಡ್ರಿಸಿದ ದಿನದಿಂದ ಕಾವಲುಗಾರ ದುಂಡಪ್ಪನವರ ತುಟಿಗಳ ನಡುವೆ ವಿರಾಜಮಾನರಾಗಿರುವ ತಮಗೆ ಇದೇ ಊರಿನ ಅನ್ನಪೂರ್ಣಾಳ ಶರಣು ಶರಣಾರ್ಥಿ. ಮೇಲಿನವರಿಗೆ ಬರೆಯಬಹುದಿತ್ತು, ಆದರೆ ಒಳಗೆ ನಡೆಯುವುದು ತಮ್ಮ ಮಾತೊಂದೇ ಎಂದು ಊರಿಗೆಲ್ಲ ಗೊತ್ತಿದೆ.

ತಮ್ಮ ಶೌರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತೋಪು ಐಸ್‌ಕ್ರೀಮ್ ಗಾಡಿಯತ್ತ ಬಾಯಿ ತೆರೆದು ಕೂತಿದೆ, ಸಿಮೆಂಟಿನ ಸಿಪಾಯಿಯ ಭರ್ಚಿಯ ಮೇಲೆ ಮಾಲಿಯ ಟವೆಲ್ಲು ಒಣಗುತ್ತಿದೆ, ನಿಜವಾಗಿ ಕೋಟೆ ಕಾಯುತ್ತಿರುವವರು ತಾವೇ. ಹಿಂದೆ ಈ ಗಡಿಕೋಟೆಗೆ ದಂಡು ಬಂದಾಗ ತಾವಿದ್ದಿದ್ದರೆ, ವೈರಿಗಳು ಹುಲ್ಲು ತುಳಿಯಲು ಅಂಜಿ, ಕುದುರೆ ಅಲ್ಲೇ ಬಿಟ್ಟು ಯರಗಟ್ಟಿಯ ಬಸ್ಸು ಹಿಡಿಯುತ್ತಿದ್ದರು.

ಇನ್ನು ನನ್ನ ದೂರು. ತಾವು ಕಾಯುವ ಹುಲ್ಲುಹಾಸು ಉದ್ಯಾನಕ್ಕೆ ಸೇರುವ ಮುಂಚೆ ನಮ್ಮ ಹೊಲವಾಗಿತ್ತು. ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ. ಅವಳಿಗೆ ಬಯಕೆಯ ಊಟ ಒಯ್ದು, ಅದರ ತುತ್ತುಗಳನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಬರುವುದು ನಮ್ಮ ಕಡೆಯ ಪದ್ಧತಿ. ನಮ್ಮತ್ತೆ ರಾಯವ್ವ ಸೊಸೆಯಾಗಿ ಬಂದಾಗಿನಿಂದ ಅದನ್ನು ತಪ್ಪಿಸಿದವರಲ್ಲ. ಹೋದ ವರ್ಷ ತಾವು ಗೇಟಿನಲ್ಲೇ ಊದಿದ್ದರಿಂದ, ಬೈಕು ನಿಲ್ಲಿಸುವಲ್ಲಿ ಚೆಲ್ಲಿ ಬಂದರು. ಬಸುರಿ ಉಪವಾಸ ಉಳಿದಳೆಂದು ವರ್ಷವಿಡೀ ಅವರಿಗೆ ತುತ್ತು ಸರಿಯಾಗಿ ಇಳಿಯಲಿಲ್ಲ.

ಈ ಸಲವೂ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು, ನಾನು ನಸುಕಿನಲ್ಲೆದ್ದು ಮಾಡಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆಯ ಬುಟ್ಟಿ ಗೇಟಿನಲ್ಲೇ ಕೂತಿತು. ಅತ್ತೆ ಅದರಿಂದ ನಾಲ್ಕು ತುತ್ತು ಉಡಿಯಲ್ಲಿ ಕಟ್ಟಿಕೊಂಡು ಒಳಗೆ ನಡೆದು, ಹುಲ್ಲಿಗೆ ಕಾಲಿಟ್ಟರು. ತಾವು ಕಿರುಚಿದಿರಿ. ಮಂದಿಯೆಲ್ಲ ಫೋಟೋ ತೆಗೆಯುವುದನ್ನು ಬಿಟ್ಟು ಕಳ್ಳರನ್ನು ನೋಡಿದಂತೆ ಅವರನ್ನು ನೋಡಿದರು. ಅತ್ತೆ ದುಂಡಪ್ಪನವರತ್ತ ತಿರುಗಿ, “ಬಸುರಿಗೆ ಉಣ್ಣಾಕ ಕೊಡಬಾರದು ಅಂತ ಎಲ್ಲಿ ಬರದೈತಿ, ತೋರಸ್ರಿ” ಎಂದರು. ಕೋಟೆಯಲ್ಲಿ ಎಲ್ಲದಕ್ಕೂ ಫಲಕವಿದೆ, ಇದಕ್ಕಿರಲಿಲ್ಲ. ಅತ್ತೆ ಉಡಿ ಬಿಚ್ಚಿ, ತುತ್ತು ಚೆಲ್ಲಿ, “ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕಿದರು.

ನಮ್ಮ ಕಡೆ ಹುಟ್ಟಿದವರು ಆ ಕೂಗಿಗೆ ಓಗೊಡದೆ ಇರುವುದುಂಟೇ? ಮಂದಿಯೆಲ್ಲ ತಿರುಗಿ ಕೂಗಿದರು, ಐಸ್‌ಕ್ರೀಮಿನವನೂ ಕೂಗಿದ. ಸಾಲಹಳ್ಳಿಯ ಹೊಲಗಳಲ್ಲಿ ಬೆಳೆದ ದುಂಡಪ್ಪನವರ ಬಾಯಿಯೂ ತನ್ನಷ್ಟಕ್ಕೆ ತೆರೆಯಿತು. ತಾವು ಕೆಳಗೆ ಬಿದ್ದಿರಿ.

ಆದ್ದರಿಂದ ವಿನಂತಿ ಇಷ್ಟೇ: ಮುಂದಿನ ಸೀಗಿ ಹುಣ್ಣಿಮೆಗೆ ತಾವು ಬುರುಜು ಹತ್ತಿ, ಉಣ್ಣಾಕ ಬರ್ರೆಂದು ಬೈಲಹೊಂಗಲದವರೆಗೆ ಕೇಳುವಂತೆ ಊದಬೇಕು. ಭೂಮಿತಾಯಿಗೆ ಮಾತ್ರ ಟಿಕೀಟು ಕೇಳಬಾರದು.

ತಮ್ಮ ಸದ್ದಿಗೆ ಇನ್ನೂ ಬೆಚ್ಚುವ,
ತಮ್ಮ ವಿಶ್ವಾಸಿ,
ಅನ್ನಪೂರ್ಣಾ

ತಾ.ಕ.: ತಾವು ಬಿದ್ದದ್ದು ಹುಲ್ಲಿನ ಮೇಲೆಯೇ, ತುಳಿಯಬಾರದೆಂಬ ಫಲಕದ ಮುಂದೆಯೇ. ದಂಡ ಹಾಕಿಸಬೇಕೆಂದಿದ್ದೆ, ಅತ್ತೆ ಬ್ಯಾಡ ಎಂದರು. ಆಮೇಲೆ ದುಂಡಪ್ಪನವರು ಗೇಟಿನ ಬುಟ್ಟಿಯನ್ನು ಸ್ವತಃ ಹೊತ್ತು ತಂದು, ತಮ್ಮನ್ನು ಎತ್ತಿ ಒರೆಸಿ ಕಿಸೆಗೆ ಹಾಕಿಕೊಂಡರು. ಬಾಯಲ್ಲಿ ತಮಗೆ ಜಾಗವಿರಲಿಲ್ಲ, ಹೋಳಿಗೆ ಇತ್ತು.