ಗೋಲು ಕಾಣದ ಸಾಹೇಬರು

ಹೊಟ್ಟೆ ಬಂದ ಮೇಲೆ ಫುಟ್‌ಬಾಲ್ ಶುರುಮಾಡಿದವರ ಟೀಮಿನಲ್ಲಿ ನಗೆಪಾಟಲಾಗದ ಭಾನುವಾರವೇ ಇರುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ನಾವೊಂದಷ್ಟು ಸಂಸಾರಸ್ಥರು ಬೇಸಿಗೆ ಬಂತೆಂದರೆ ಈ ಪರದೇಶದ ಊರು ಮಿಸಿಸಾಗದ ಪಾರ್ಕಿನಲ್ಲಿ ಸೇರಿ, ಆಡಿ, ಸೋತು, ಮನೆಗೆ ಹೋಗುತ್ತಿದ್ದೆವು. 2017ರಲ್ಲಿ ಮಾತ್ರ ನಮಗೊಬ್ಬರು ನಿಜವಾದ ಆಟಗಾರರು ಸಿಕ್ಕಿದರು.

ಭರ್ತಿ

ಅವರು ನನ್ನ ಜೊತೆ ವೇರ್‌ಹೌಸಿನಲ್ಲಿ ಕೆಲಸಕ್ಕಿದ್ದ ಇಂಗ್ಲೆಂಡಿನವರು. ನಾವು ಕರೆದದ್ದು 'ಸಾಹೇಬ್ರ' ಎಂದೇ. ಅಲ್ಲಿನ ಕೆಳದರ್ಜೆಯ ಲೀಗೊಂದರಲ್ಲಿ ವಿಂಗರ್ ಆಗಿದ್ದರು. ಮೈದಾನದ ಅಂಚಿನಲ್ಲಿ ಓಡಿ ಚೆಂಡನ್ನು ಒಳಗೆ ಕಳಿಸುವ ಕೆಲಸ. ಎರಡೇ ಸೀಸನ್ನಿಗೆ ಮೊಣಕಾಲು ಕೈಕೊಟ್ಟಿತ್ತು.

ನಮ್ಮ ಕ್ಯಾಪ್ಟನ್ ಬೆಳಗಾವಿ ಕಾಕಾ. ಓಡಲಾರರೆಂದು ಅವರನ್ನು ಗೋಲ್‌ಕೀಪರ್ ಮಾಡಿದ್ದೆವು. ಎಷ್ಟು ಗೋಲು ಹೊಡೆದಿದ್ದೀರಿ ಎಂದು ಕಾಕಾ ಇಂಗ್ಲಿಷಿನಲ್ಲಿ ಕೇಳಿದರು. ಸಾಹೇಬರ ಮುಖ ಬಾಡಿತು.

"ಒಂದೂ ಇಲ್ಲ. ಒಂದಾದರೂ ಹೊಡೆಯಬೇಕು. ನಮ್ಮಮ್ಮ ಇವತ್ತಿಗೂ ಕೇಳುತ್ತಾಳೆ."

ಕಾಕಾ ನನ್ನ ಕಡೆ ತಿರುಗಿದರು. "ತೊಗೋಪಾ ಇವರನ್ನ. ನಮ್ಮೊಳಗೂ ಯಾರೂ ಹೊಡದಿಲ್ಲ, ಹೊಂದ್ಕೊಂಡು ಹೋಗ್ತಾರ."

ಒಂದು ತುತ್ತು

ಮೊದಲ ಮ್ಯಾಚಿನ ದಿನ ಕಾಕಾನ ಹೆಂಡತಿ ಕಾಕು ಸಾಹೇಬರನ್ನು ಊಟಕ್ಕೆ ಕರೆದರು. ಹೋಳಿಗೆ, ತುಪ್ಪ. ತಟ್ಟೆಯಲ್ಲಿ ಬಿಡಬಾರದೆಂಬುದು ಸಾಹೇಬರ ಸಂಸ್ಕಾರ. ಖಾಲಿ ತಟ್ಟೆ ನೋಡಿಕೊಂಡು ಕೂರಬಾರದೆಂಬುದು ಕಾಕುವಿನ ಸಂಸ್ಕಾರ. ಅವರು ಬಳಿದು ಮುಗಿಸುತ್ತಿದ್ದರು, ಇವರು ಮತ್ತೊಂದು ಬಡಿಸುತ್ತಿದ್ದರು. ಕೈ ಅಡ್ಡ ಹಿಡಿಯಬೇಕೆಂದು ಅವರಿಗೆ ಹೇಳಿಕೊಡಲು ನಮ್ಮ ಬಾಯಿಗೆ ಬಿಡುವಿರಲಿಲ್ಲ.

ಮ್ಯಾಚಿನಲ್ಲಿ ಸಾಹೇಬರು ಅಂಚಿನಲ್ಲಿ ನಿಂತವರು ನಿಂತೇ ಇದ್ದರು. ಚೆಂಡು ಕಾಲಬುಡಕ್ಕೆ ಬಂದರೂ ನೋಡಿ ಕಳಿಸಿಕೊಟ್ಟರು. ಮಡಚುವ ಕುರ್ಚಿಯಲ್ಲಿ ಕೂತ ಕಾಕು ಲೊಚಗುಟ್ಟಿದರು.

"ಸಂಕೋಚ ಮಾಡ್ಕೊಂಡು ಹೊಟ್ಟಿ ತುಂಬ ಉಣಲಿಲ್ಲ ಪಾಪ. ಓಡಾಕ ಶಕ್ತಿ ಎಲ್ಲಿಂದ ಬರಬೇಕು?"

ಕಾಲು ತಾಗಿದರೆ

ನಮ್ಮವರದೊಂದು ರೂಢಿ. ಆಟದಲ್ಲೇ ಆಗಲಿ, ಯಾರಿಗಾದರೂ ಕಾಲು ತಾಗಿದರೆ ನಿಂತು, ಬಗ್ಗಿ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಷ್ಟರಲ್ಲಿ ಚೆಂಡು ಪಕ್ಕದೂರು ಓಕ್‌ವಿಲ್ ಕಡೆ ಹೋಗಿರುತ್ತಿತ್ತು.

ಇದೇಕೆಂದು ಸಾಹೇಬರು ಕೇಳಿದರು. ಹೇಳಿದೆವು. ಮೊಣಕಾಲು ಸವರಿಕೊಂಡು ಅಂದರು: "ಅಲ್ಲಿ ನನ್ನನ್ನು ಎಷ್ಟು ಜನ ಒದ್ದರು. ಒಬ್ಬನೂ ತಿರುಗಿ ನೋಡಲಿಲ್ಲ."

ಮರುವಾರದಿಂದ ಅವರೂ ಶುರುಮಾಡಿದರು. ನಮ್ಮನ್ನು ತಿದ್ದಲಿ ಎಂದು ಕರೆತಂದ ಒಬ್ಬ ಆಟಗಾರನೂ ಹೀಗೆ ಕೆಟ್ಟ.

ಕಡೇ ಆಟ

ಬೇಸಿಗೆ ಮುಗಿಯುವ ಹೊತ್ತಿಗೆ ಸಾಹೇಬರ ಮೊಣಕಾಲು ನೋಡಿ ಡಾಕ್ಟರು ಇನ್ನು ಸಾಕು ಎಂದಿದ್ದರು. ಉಳಿದದ್ದು ಥಾರ್ನ್‌ಹಿಲ್ ಟೀಮಿನ ಜೊತೆ ಒಂದೇ ಮ್ಯಾಚು. ಚೆಂಡು ಯಾರಿಗೇ ಸಿಗಲಿ, ಸಾಹೇಬರಿಗೇ ಕೊಡಬೇಕು ಎಂದು ಕಾಕಾ ಆಣೆ ಹಾಕಿಸಿದರು. ಕೊಟ್ಟೆವು. ಒಂದು ಕಂಬಕ್ಕೆ ಬಡಿಯಿತು, ಒಂದು ಕಾಕುವಿನ ಚಹಾದ ಫ್ಲಾಸ್ಕಿಗೆ.

ಆಟ ಇನ್ನೇನು ಮುಗಿಯಬೇಕು, ಸಾಹೇಬರು ಅಂಚಿನಿಂದ ಒಳಗೆ ನುಗ್ಗಿದರು. ಎದುರಿನ ಗೋಲ್‌ಕೀಪರ್ ಮುಂದೆ ಬಂದು ಜಾರಿ ಬಿದ್ದ. ಸಾಹೇಬರ ಕಾಲು ಅವನಿಗೆ ತಾಗಿತು, ಚೆಂಡು ನನ್ನ ಕಡೆ ಉರುಳಿತು. ಗೋಲಿನ ಬಾಯಲ್ಲಿ ಎದುರು ಟೀಮಿನ ಇಬ್ಬರು ಅಡ್ಡ ನಿಂತಿದ್ದರು. ನಾನು ಕಣ್ಣುಮುಚ್ಚಿ ಒದ್ದೆ. ಚೆಂಡು ಎಂದಿನಂತೆ ಪಾರ್ಕಿಂಗ್ ಲಾಟಿಗೆ ಹೊರಟಿತ್ತು.

ಆದರೆ ದಾರಿಯಲ್ಲಿ ಸಾಹೇಬರು ಬಗ್ಗಿ ನಿಂತಿದ್ದರು. ಗೋಲ್‌ಕೀಪರನ ಭುಜ ಮುಟ್ಟಿ ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಚೆಂಡು ಅವರ ಹಿಂಭಾಗಕ್ಕೆ ಬಡಿದು, ದಿಕ್ಕು ಬದಲಿಸಿ, ಆ ಇಬ್ಬರ ನಡುವೆ ಒಳಗೆ ಹೋಯಿತು.

ರೆಫರಿ ಸೀಟಿ ಊದಿದ. ಗೋಲು. ಏನಾಯಿತೆಂದು ಗೊತ್ತಾದ ಮೇಲೆ ಸಾಹೇಬರು ಅಲ್ಲೇ ಕೂತು ಅತ್ತರು. ನಮಗೂ ಕಣ್ಣು ಒದ್ದೆಯಾದವು. ಕಾಕಾ ತಮ್ಮ ಗೋಲು ಬಿಟ್ಟು ಓಡಿಬಂದು ತಬ್ಬಿಕೊಂಡರು.

ಆಮೇಲೆ ಅಮ್ಮನಿಗೆ ಸ್ಪೀಕರ್ ಹಾಕಿ ಫೋನು. ಮುದುಕಿ ಆ ಕಡೆ ಬಿಕ್ಕಿ ಬಿಕ್ಕಿ ಅತ್ತು, ಮೂಗೊರೆಸಿಕೊಂಡು ಕೇಳಿತು: "ಯಾವ ಕಾಲಲ್ಲಿ ಹೊಡೆದೆ ಮಗನೇ, ಎಡಗಾಲೋ ಬಲಗಾಲೋ?"

ಸಾಹೇಬರು ನಮ್ಮ ಮುಖ ನೋಡಿದರು. ನಾವು ಆಕಾಶ ನೋಡಿದೆವು.

"ಎರಡರ ನಡುವೆ, ಅಮ್ಮಾ," ಅಂದರು ಮೆಲ್ಲಗೆ. "ಸ್ವಲ್ಪ ಮೇಲೆ."