ಅತ್ತೆಯ ಎಂಟು ಮಾತ್ರೆ

ನಮ್ಮ ಸೋದರಮಾವ ಲೆಕ್ಕ ಕಲಿಸಿದ ಅರಸೀಕೆರೆಯ ಮಕ್ಕಳಿಗೆಲ್ಲ ತಾಳ ಚೆನ್ನಾಗಿ ಬರುತ್ತದೆ. ಲೆಕ್ಕದ ವಿಷಯ ಮಾತ್ರ ಕೇಳಬೇಡಿ! ಗಣಿತ, ಛಂದಸ್ಸು, ಸಂಗೀತ ಮೂರೂ ಒಂದೇ ವಿದ್ಯೆ, ಅವಕ್ಕೆ ಬೇರೆ ಬೇರೆ ಪೀರಿಯಡ್ ಮಾಡಿದವನೇ ದಡ್ಡ ಎಂಬುದು ಈ ನಿವೃತ್ತ ಮೇಷ್ಟರ ತೀರ್ಪು.

ತಿಂಡಿಯಾದ ಕೂಡಲೇ ಅತ್ತೆ ಮಾವನಿಗೆ ಬಿ.ಪಿ. ಗುಳಿಗೆ ನೆನಪಿಸುತ್ತಿದ್ದರು: "ಮಾತ್ರೆ ತಗೊಂಡ್ರಾ?"

"ಎಷ್ಟು ಮಾತ್ರೆ ಅಂತ ಕೇಳೇ! ಲಘುವಿಗೆ ಒಂದು, ಗುರುವಿಗೆ ಎರಡು. ನೀನೀಗ ಕೇಳಿದ್ದೇ ಎಂಟು ಮಾತ್ರೆ, ಆದಿತಾಳಕ್ಕೆ ಸರಿಹೋಯ್ತು!"

"ನಿಮ್ ತಾಳ ಬಿಸಾಕಿ, ನೀರು ಕುಡೀರಿ."

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಬರಲಿಲ್ಲ. ಹಾಡಿನ ಬೆನ್ನು ಹಿಡಿದು ಕೆಲವರಿಗೆ ಮಾತು ಮರಳುವುದುಂಟು ಎಂದರು ಡಾಕ್ಟರು. ಅಷ್ಟೇ ಸಾಕಾಯಿತು! ಮಾತಿನಷ್ಟೇ ನಿಧಾನದ ಹಳೆಯ ಕಾಲದ ಒಂಟಿತಂತಿ ವೀಣೆಯೇ ಬೇಕು, ಅದರ ಅಳತೆ ಶಿಲ್ಪದಲ್ಲೇ ಸಿಗಬೇಕು ಎಂದು ಮಾವ ನನ್ನನ್ನೂ ಎಳೆದುಕೊಂಡು ಹಳೇಬೀಡಿನ ಬಸ್ಸು ಹತ್ತಿದರು.

ದೇವಸ್ಥಾನದ ಗೋಡೆಯಲ್ಲಿ ಕಲ್ಲಿನ ಹೆಂಗಸೊಬ್ಬಳು ವೀಣೆ ಹಿಡಿದಿದ್ದಾಳೆ. ಮಾವ ದೂರ ನಿಂತು, ಒಂದು ಕಣ್ಣು ಮುಚ್ಚಿ, ಗಾಳಿಯಲ್ಲಿ ದಾರ ಹಿಡಿದು ಅಳೆಯತೊಡಗಿದರು. ಕಾವಲುಗಾರ ಓಡಿಬಂದ.

"ಏನ್ ಸ್ವಾಮಿ, ಆಯಮ್ಮಂಗೆ ರವಿಕೆ ಹೊಲಿಸ್ತೀರಾ?"

"ಇಲ್ಲ ಕಣಯ್ಯ, ವೀಣೆ ಅಳತೆ!"

"ಓ, ಅದಕ್ಕೂ ಹೊಲಿಸ್ತಾರಾ?"

ಹಾರನಹಳ್ಳಿಯ ಬಡಗಿ ಬಿದಿರಿಗೆ ಸೋರೆಬುರುಡೆ ಕಟ್ಟಿ ವೀಣೆ ಮಾಡಿಕೊಟ್ಟ. ಮಾವ ಮೊದಲ ಸಲ ಮೀಟಿದಾಗ ಪಕ್ಕದ ಮನೆಯವರು ಬಂದು, "ನಿಮ್ ಫ್ರಿಜ್ಜು ಕೆಟ್ಟಿರೋ ಹಂಗೈತೆ, ನೋಡ್ಕಳಿ" ಎಂದರು! ಮಾವ ಸೋಲುವ ಪೈಕಿಯೇ? ತಂತಿಯ ಅರ್ಧಕ್ಕೆ ಮೇಲಿನ ಸ, ಮೂರರಲ್ಲಿ ಎರಡು ಪಾಲಿಗೆ ಪ ಎಂದು ಸ್ಕೇಲಿಟ್ಟು ಗುರುತು ಹಾಕಿದರು. ಬುರುಡೆ ಹಾಡಿತು!

ದಿನಾ ತಿಂಡಿಯಾದ ಮೇಲೆ ಎಂಟೆಂಟು ಮೀಟು. ಅತ್ತೆ ತೊಡೆಯ ಮೇಲೆ ತಾಳ ಹಾಕುವರು, ತುಟಿ ಅಲುಗಿಸುವರು, ಅಷ್ಟೇ. ತಿಂಗಳುಗಳು ಕಳೆದವು. ನಾನಂತೂ ಆಸೆ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ವೀಣೆಯ ಜೊತೆಗೇ ಇನ್ನೊಂದು ದನಿ ಎದ್ದಿತು.

"ಮಾ...ತ್ರೆ... ತ...ಗೊಂ...ಡ್ರಾ?"

ಮಾವನ ಬೆರಳುಗಳು ತಾವಾಗಿಯೇ ಎಣಿಸಿದವು. "ಎಂಟು! ಎಂಟು ಕಣೇ! ಒಂದೂ ತಪ್ಪಿಲ್ಲ!" ಎಂದು ಕೂಗುತ್ತಾ ಬನಿಯನ್ನಿನಲ್ಲೇ ಬೀದಿಗೆ ಓಡಿದರು. ಫ್ರಿಜ್ಜು ಕೆಟ್ಟಿದೆ ಎಂದಿದ್ದ ಪಕ್ಕದ ಮನೆಯವರನ್ನೂ ತಬ್ಬಿಕೊಂಡರು!

ಈಗ ಅತ್ತೆ ಕೇಳುವ ತನಕ ಮಾವ ಗುಳಿಗೆ ಮುಟ್ಟುವುದಿಲ್ಲ. ಮೊನ್ನೆ ಕೇಳಿದ ಮೇಲೂ ಅದನ್ನು ಅಂಗೈಯಲ್ಲಿ ಹಿಡಿದು ಕೂತೇ ಇದ್ದರು. ಕಣ್ಣು ತುಂಬಿತ್ತು.

"ಸರಿಯಾಗಿ ಕೇಳಿಸಲಿಲ್ಲ ಕಣೇ," ಎಂದರು. "ಇನ್ನೊಂದ್ಸಲ ಕೇಳು."