ಕತ್ತರಿ ಹಿಡಿಯದ ಮಾವ

ಬಳ್ಳಾರಿಯಲ್ಲಿ ಸಂಗೀತಕ್ಕೆ ಯಾರಿಂದಲಾದರೂ ಕೆಡುಕಾಗಿದ್ದರೆ ಅದು ನಮ್ಮ ಮಾವನಿಂದ. ಇದನ್ನು ಅವನ ಎದುರಿಗೇ ಹೇಳಿದ್ದೇನೆ, ಅವನು ಬೇಜಾರು ಮಾಡಿಕೊಂಡಿಲ್ಲ. ಬೇಜಾರಾಗಲು ನನ್ನ ಮಾತು ಕಿವಿಗೆ ಬೀಳಬೇಕಲ್ಲ? ದಿನವಿಡೀ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವ ಮನುಷ್ಯ ಅವನು.

ಮಾವ ಎಂದರೆ ಅವ್ವನ ತಮ್ಮ. ನನಗಿಂತ ಆರೇ ವರ್ಷ ದೊಡ್ಡವನು, ನಮ್ಮ ಮನೆಯಲ್ಲೇ ಬೆಳೆದವನು, ಆದ್ದರಿಂದ ಏಕವಚನ. ಪಾರ್ವತಿನಗರದ ಒಂದು ಮಹಡಿ ಕೋಣೆಯಲ್ಲಿ ಅವನದೊಂದು ಕಂಪನಿ ಇದೆ. ಕೋಣೆಗಿಂತ ಬೋರ್ಡು ದೊಡ್ಡದು. ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ಹಾಡಿಕೊಂಡಿರುವವರನ್ನು ಹುಡುಕಿ, ರೆಕಾರ್ಡ್ ಮಾಡಿ, ಅವರ ಹೆಸರಿನಲ್ಲೇ ಇಂಟರ್‌ನೆಟ್ಟಿಗೆ ಏರಿಸುವುದು ಅದರ ಕೆಲಸ. ಕೇಳಲು ಚೆನ್ನಾಗಿದೆ, ಅಲ್ಲವೇ? ನನ್ನ ತಕರಾರು ಒಂದೇ. ಊರವರ ಹಾಡನ್ನೆಲ್ಲ ಏರಿಸಿದ ಈ ಮಹಾಶಯ, ಸ್ವಂತ ಅಕ್ಕನ, ಅಂದರೆ ನಮ್ಮ ಅವ್ವ ಹಾಡಿದ ಪದವನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ಎರಡು ವರ್ಷವಾದರೂ ಹೊರಗೆ ಬಿಟ್ಟಿರಲಿಲ್ಲ. ಅವ್ವನನ್ನು ಕೇಳಿದರೆ "ಅವನ್ನ ಕೇಳು" ಎನ್ನುತ್ತಿದ್ದಳು. ಅವನನ್ನು ಕೇಳಿದರೆ "ಅಕ್ಕನ್ನ ಕೇಳು". ಹೋದ ವರ್ಷ ಅವ್ವ ತೀರಿಕೊಂಡಳು. ಈಗ ನಾನು ಎಲ್ಲಿಗೆ ಹೋಗಿ ಕೇಳಲಿ?

ಅವನ ಸ್ಟುಡಿಯೋದ ವೈಭವವನ್ನು ಸ್ವಲ್ಪ ಹೇಳುತ್ತೇನೆ. ಹೊರಗಿನ ಸದ್ದು ತಡೆಯಲು ಗೋಡೆಯುದ್ದಕ್ಕೂ ಗೋಣಿಚೀಲ. ಚೀಲದ ತುಂಬ ಸಿರುಗುಪ್ಪದ ಅಕ್ಕಿ ಗಿರಣಿಯಿಂದ ತಂದ ಭತ್ತದ ಹೊಟ್ಟು. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ನಿಜ. ಆದರೆ ಒಳಗೆ ಬಂದವರು ಪಲ್ಲವಿ ಮುಗಿಯುವುದರೊಳಗೆ ಎರಡು ಸಲ ಸೀನಿರುತ್ತಾರೆ. ಆಮೇಲೆ ಸೀನನ್ನು ತೆಗೆದುಬಿಡಬಹುದಲ್ಲ? ತೆಗೆಯುವುದಿಲ್ಲ!

"ಹಾಡಿದ್ದು ಹಾಡಿದಂಗ ಇರಬೇಕು. ನಾ ಕತ್ತರಿ ಹಿಡ್ಯಂಗಿಲ್ಲ" ಎನ್ನುತ್ತಾನೆ. ಆ ಕಂಪನಿಗೆ ಇರುವುದು ಇದೊಂದೇ ನಿಯಮ.

ಇನ್ನು ಫ್ಯಾನು. ಅದರ ಗರಗರ ಮೈಕಿಗೆ ಬೀಳುತ್ತದೆಂದು ರೆಕಾರ್ಡಿಂಗ್ ಹೊತ್ತಿಗೆ ಬಂದ್. ಏಪ್ರಿಲ್ ತಿಂಗಳಲ್ಲಿ, ಬಳ್ಳಾರಿಯಲ್ಲಿ! ಕುರುಗೋಡಿನಿಂದ ಬಂದ ಭಜನೆಯ ಅಜ್ಜನೊಬ್ಬ ಒಂಬತ್ತು ನಿಮಿಷದ ತತ್ವಪದವನ್ನು ಐದೇ ನಿಮಿಷಕ್ಕೆ ಮುಗಿಸಿ ಬಾಗಿಲಿಗೆ ಓಡಿದ. ನಾನು ನಕ್ಕೆ.

"ನಗಬ್ಯಾಡ. ಅವರ ಶೈಲಿನ ಹಂಗೈತಿ" ಎಂದ ಮಾವ.

ಮೆಟ್ಟಿಲ ಮೇಲೆ ಧೋತರದ ಚುಂಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಅಜ್ಜ ಅಲ್ಲಿಂದಲೇ ತಿದ್ದಿದ: "ಶೈಲಿ ಅಲ್ಲಪಾ, ಜೀವ ಹೊಂಟಿತ್ತು."

ಎಲ್ಲಕ್ಕೂ ಕಳಶವಿಟ್ಟದ್ದು ಸಿರುಗುಪ್ಪ ಕಡೆಯ ಐವರು ಹೆಣ್ಣುಮಕ್ಕಳ ಪ್ರಸಂಗ. ಗದ್ದೆಯಲ್ಲಿ ಭತ್ತದ ಸಸಿ ನಾಟಿ ಮಾಡುತ್ತ ಹಾಡುವವರು. ಮೈಕಿನ ಮುಂದೆ ನಿಲ್ಲಿಸಿದರೆ ಒಬ್ಬರ ಬಾಯಲ್ಲೂ ಪದ ಬರಲಿಲ್ಲ.

"ಕೈ ಖಾಲಿ ಇದ್ರ ಪದ ನೆನಪಾಗಂಗಿಲ್ರಿ" ಎಂದಳು ಅವರಲ್ಲಿ ಹಿರಿಯಳು.

ಬೇರೆಯವರಾಗಿದ್ದರೆ ಚಹಾ ಕುಡಿಸಿ ಬಸ್ಸು ಹತ್ತಿಸುತ್ತಿದ್ದರು. ನಮ್ಮ ಮಾವ ಏನು ಮಾಡಿದ ಗೊತ್ತೇ? ಕೋಣೆಯ ತುಂಬ ಪ್ಲಾಸ್ಟಿಕ್ ಹಾಳೆ ಹಾಸಿ, ಬುಟ್ಟಿಗಟ್ಟಲೆ ಕೆಸರು ಸುರಿದು, ಸಸಿಯ ಕಟ್ಟುಗಳನ್ನು ತಂದಿಟ್ಟ. ಅವರು ಬಗ್ಗಿ ಸಸಿ ಊರಿದ್ದೇ ತಡ, ಪದ ತಾನಾಗಿ ಬಂತು. ಆದರೆ ನಾಟಿ ಮಾಡುವವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ ಎಂಬುದು, ಭತ್ತದ ಸೀಮೆಯಲ್ಲೇ ಹುಟ್ಟಿದ ಈ ಪುಣ್ಯಾತ್ಮನಿಗೆ ಮರೆತೇ ಹೋಗಿತ್ತು! ಹಾಳೆ ಮುಗಿದರೂ ಪದ ಮುಗಿದಿರಲಿಲ್ಲ. ಐವರೂ ಬಗ್ಗಿಕೊಂಡೇ ಬಾಗಿಲು ದಾಟಿ, ಕೊನೆಯ ನುಡಿಯನ್ನು ಮೆಟ್ಟಿಲ ಮೇಲೆ ಮುಗಿಸಿದರು. ಹಾಡೂ ಅವರ ಜೊತೆಗೇ ಸಣ್ಣಗಾಗುತ್ತ ಹೊರಗೆ ಹೋಯಿತು. ಅದನ್ನೂ ಹಾಗೆಯೇ ಏರಿಸಿದ. ಕೊನೆಯಲ್ಲಿ ದನಿ ಇಷ್ಟು ಚಂದ ಕರಗುವಂತೆ ಮಾಡಲು ಯಾವ ಮಷಿನು ಬಳಸಿದಿರಿ ಎಂದು ಯಾರೋ ಬರೆದು ಕೇಳಿದರು. ಆ ಮೆಸೇಜನ್ನು ಮಾವ ವಾರವಿಡೀ ಕಂಡಕಂಡವರಿಗೆ ತೋರಿಸಿದ. ಕೆಳಗಿನ ಮನೆಯವರ ಗೋಡೆಗೆ ಇಳಿದ ಕೆಸರನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಇಷ್ಟೆಲ್ಲ ಅವಾಂತರವನ್ನು ಲೋಕಕ್ಕೆ ಕೇಳಿಸಿದವನಿಗೆ ಅವ್ವನ ಪದವೊಂದು ಭಾರವಾಯಿತೇ? ಅವ್ವ ಹೋಗಿ ವರ್ಷ ತುಂಬುತ್ತ ಬಂದಿತ್ತು. ವರ್ಷದ ತಿಥಿಯ ದಿನ ಮನೆಗೆ ಬರುವವರಿಗೆ ಆ ಪದ ಕೇಳಿಸಬೇಕೆಂದು ನನ್ನ ಹಟ. ಕಳೆದ ಭಾನುವಾರ ಮಧ್ಯಾಹ್ನ ಮಹಡಿ ಹತ್ತಿದೆ.

"ಮಾವ, ಅವ್ವನ ಪದ ಕೊಡೋತನಕ ನಾ ಇಲ್ಲಿಂದ ಏಳಂಗಿಲ್ಲ."

ಅವನು ಹೆಡ್‌ಫೋನ್ ತೆಗೆದಿಟ್ಟ. ಆಮೇಲೆ ಸ್ಪೀಕರಿಗೆ ಹಚ್ಚಿದ.

ಅವ್ವನ ದನಿ. ನಮ್ಮ ಅಡುಗೆಮನೆಯಲ್ಲಿ ಕೂತು ಹಾಡಿದ, ತವರಿನ ನಾಟಿ ಪದ. ಎರಡು ನುಡಿ ಮುಗಿದಿದ್ದವು, ನಡುವೆ ಒಂದು ಒರಟು ದನಿ ನುಗ್ಗಿತು: "ಅವ್ವಾ, ಸಾಕ್ ಮಾಡ ಇನ್ನ. ನಾ ಪೇಪರ್ ತಿದ್ದಬೇಕು."

ಯಾರಿವಳು ಎಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು. ಶಾಲೆಯ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದ ನಾನೇ.

"ಆತು ನನ್ನವ್ವ, ಇದೊಂದು ನುಡಿ ಮೆಲ್ಲಕ ಅಂತೀನಿ. ನೀ ಬರ್ಕೋ" ಎಂದಳು ಅವ್ವ. ಉಳಿದದ್ದನ್ನು, ತೊಟ್ಟಿಲ ಕೂಸು ಎದ್ದೀತೆಂದು ಹೆದರಿದವಳಂತೆ ದನಿ ತಗ್ಗಿಸಿ ಹಾಡಿದಳು.

ನನಗೆ ಅಳು ತಡೆಯಲಾಗಲಿಲ್ಲ.

"ಮಗಳು ಸಾಲಿ ಟೀಚರ್ ಅದಾಳ, ನಾಕು ಮಂದಿ ಕೇಳಿದ್ರ ಆಕಿಗೆ ನಾಚಿಕಿ, ಆ ಮಾತು ತಗಿ, ಇಲ್ಲಾ ಹಾಕಬ್ಯಾಡ ಅಂದ್ಲು ಅಕ್ಕ" ಎಂದ ಮಾವ. "ನಿನ್ನ ಮಾತು ತಗದ್ರ ಅಕ್ಕನ ಮಾತೂ ಹೋಗತೈತಿ. ಅದಕ್ಕ ಕೈ ಬರಲಿಲ್ಲ. ಈಗ ನೀ ಹೇಳು. ನಿನ್ನ ಸಲುವಾಗಿ ಒಮ್ಮೆ ಕತ್ತರಿ ಹಿಡೀತೀನಿ."

ಎರಡು ವರ್ಷ ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡೂ ಇವನು ಈ ಒಂದು ಮಾತನ್ನು ನನ್ನಿಂದ ಮುಚ್ಚಿಟ್ಟಿದ್ದ.

"ಬ್ಯಾಡ ಮಾವ. ಹಂಗ ಇರ್ಲಿ. ಹಂಗ ಹಾಕು" ಎಂದೆ. ಎದ್ದು ಹೋಗಿ ನಾನೇ ಫ್ಯಾನ್ ಬಂದ್ ಮಾಡಿ ಬಂದು ಕೂತೆ. "ಇನ್ನೊಮ್ಮೆ ಹಚ್ಚು."